ಅಂಗೈಯಲ್ಲಿ ಮಾತ್ರೆ ಇಟ್ಟು ಕೇಳುತ್ತಿದ್ದವರು

ಲಲಿತಮ್ಮ ಮೇಡಂ ನಿಂತುಕೊಂಡು ಮಾತಾಡಿದ್ದನ್ನು ನಾನು ನೋಡಿದ್ದು ಕಡಿಮೆ. ನಮ್ಮ ತಂಗುದಾಣದ ಯಾವ ಮೂಲೆಯಲ್ಲಿ ಯಾರು ಮುದುರಿ ಕೂತಿದ್ದರೂ ಅವರು ಹೋಗಿ ಪಕ್ಕದಲ್ಲಿ ನೆಲಕ್ಕೆ ಕೂತುಬಿಡುತ್ತಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ದಪ್ಪ ಮೈ. ಕೂರುವುದೇನೋ ಕೂರುತ್ತಿದ್ದರು, ಏಳುವುದೇ ದೊಡ್ಡ ಕೆಲಸ. "ಒಸಿ ಕೈ ಕೊಡ್ರವ್ವಾ, ಭೂಮ್ತಾಯಿ ಬುಡ್ತಾ ಇಲ್ಲ ನನ್ನ" ಎಂದು ಕೈ ಚಾಚುತ್ತಿದ್ದರು. ಯಾರನ್ನೂ ಹತ್ತಿರ ಸೇರಿಸದೆ ವಾರಗಟ್ಟಲೆ ಗೋಡೆ ನೋಡುತ್ತಿದ್ದವರೂ ಆ ಕೈ ಹಿಡಿದು ಎತ್ತಿದ್ದನ್ನು ಕಂಡಿದ್ದೇನೆ. ನಿಜವಾಗಿ ಮೊಣಕಾಲು ನೋಯುತ್ತದೆಯೋ ಇಲ್ಲವೋ ಎಂದು ಒಮ್ಮೆ ಕೇಳಿದೆ. "ನೋವು ಐತೆ ಕಣಮ್ಮಿ, ಸುಳ್ಳಲ್ಲ. ಇರೋ ನೋವು ಉಪಯೋಗಕ್ಕೂ ಬತ್ತದೆ" ಎಂದರು.

ರಾಮನಗರದ ಬಸ್ ನಿಲ್ದಾಣದ ಹಿಂದೆ, ಹಳೆಯ ಗೋದಾಮನ್ನು ರಿಪೇರಿ ಮಾಡಿ ಮನೆಯಿಲ್ಲದವರಿಗೆ ತಂಗುದಾಣ ಮಾಡಿದ್ದರು. ಒಂದು ಪಕ್ಕ ಗಂಡಸರು, ಒಂದು ಪಕ್ಕ ಹೆಂಗಸರು, ನಡುವೆ ಅಡಿಗೆಮನೆ. ನಾನು ಅಲ್ಲಿ ಅಡಿಗೆಯವಳು. ಕೆಂಪಾಪುರದಲ್ಲಿ ಹುಟ್ಟಿ ರಾಮನಗರಕ್ಕೆ ಸೊಸೆಯಾಗಿ ಬಂದವಳು. ಮಕ್ಕಳಾಗಲಿಲ್ಲ, ಗಂಡ ಹೋದ ಮೇಲೆ ಅಡಿಗೆಮನೆಯ ಹಿಂದಿನ ಕೋಣೆಯೇ ನನ್ನ ಮನೆಯಾಯಿತು. ಬೀದಿಯಲ್ಲಿ ಮಲಗುವವರಿಗೆ ಸೂರು ಕೊಡುವುದು ಒಂದು ಕೆಲಸ, ಅವರ ಮನಸ್ಸಿನ ಕಾಯಿಲೆ ನೋಡಿಕೊಳ್ಳುವುದು ಇನ್ನೊಂದು. ಆ ಎರಡನೆಯ ಕೆಲಸಕ್ಕೆ ಮೇಡಂ ಮುಖ್ಯಸ್ಥರಾಗಿ ಬಂದರು. ವಾರಕ್ಕೊಮ್ಮೆ ಬರುವ ಡಾಕ್ಟರು, ಕಾವ್ಯ ಎಂಬ ಚಿಕ್ಕ ವಯಸ್ಸಿನ ಸಮಾಲೋಚಕಿ, ಒಬ್ಬರು ನರ್ಸು, ಇಷ್ಟೇ ಅವರ ಸೈನ್ಯ. ಮೇಡಂ ಸಾತನೂರಿನವರು. ಬೆಂಗಳೂರಿನಲ್ಲಿ ದೊಡ್ಡ ಓದು ಓದಿದ್ದರೂ ಮಾತು ಮಾತ್ರ ಸಾತನೂರಿನದೇ. ಮದುವೆಯಾಗಿರಲಿಲ್ಲ. ಐಜೂರಿನಲ್ಲಿ ಒಂದು ಬಾಡಿಗೆ ಮನೆ ಮಾಡಿಕೊಂಡು ಒಬ್ಬರೇ ಇದ್ದರು.

ಊರಿನವರು ನಮ್ಮ ತಂಗುದಾಣಕ್ಕೆ ಇಟ್ಟ ಹೆಸರು ಹುಚ್ಚರ ಛತ್ರ. ನಿಲ್ದಾಣದ ಆಟೋದವನು ನಯಾಜ್ ಒಂದು ದಿನ ಎಲ್ಲರಿಗೂ ಕೇಳುವ ಹಾಗೆ ಕೂಗಿದ: "ಏನ್ ಮೇಡಮ್ಮಾ, ಹುಚ್ಚರ ಛತ್ರಕ್ಕೆ ಹೊಂಟ್ರಾ?"

"ಹೂಂ ಕಣಪ್ಪ. ನಿಂಗೂ ಒಂದು ಚಾಪೆ ತೆಗೆದಿಟ್ಟಿವ್ನಿ. ಬಾಡಿಗೆ ಸಿಗ್ದೆ ತಲೆ ಕೆಟ್ಟ ದಿನ ಬಾ."

ಆಟೋದವರೆಲ್ಲ ನಕ್ಕರು, ನಯಾಜನೂ ನಕ್ಕ. ಆಮೇಲೆ ಅವನ ಆಟೋದಲ್ಲೇ ಎಷ್ಟೋ ಜನ ನಮ್ಮ ಬಾಗಿಲಿಗೆ ಬಂದರು. 'ಮೇಡಮ್ಮ' ಎನ್ನುವ ಹೆಸರು ಒಳಗಿನವರ ಬಾಯಲ್ಲೂ ನಿಂತಿತು.

ಮೇಡಂ ಮೀಟಿಂಗ್ ನಡೆಸುತ್ತಿದ್ದದ್ದು ಅಡಿಗೆಮನೆಯಲ್ಲಿ. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳಿನ ಬೋಗುಣಿ ನಡುವೆ ಇಟ್ಟು, ಡಾಕ್ಟರೂ ಸೇರಿ ಎಲ್ಲರೂ ಸುತ್ತ ಕೂತು ಸಿಪ್ಪೆ ಹಿದುಕಬೇಕು. ಬೇರೆ ದಿನಗಳಲ್ಲಿ ಬೆಳ್ಳುಳ್ಳಿ ಸುಲಿಯಬೇಕು. ಯಾರು ನಿದ್ದೆ ಮಾಡಿದರು, ಯಾರು ಯಾರ ಜೊತೆ ಜಗಳ ಆಡಿದರು, ಯಾರಿಗೆ ಮತ್ತೆ ದನಿಗಳು ಕೇಳಿಸುತ್ತಿವೆ, ಎಲ್ಲ ಮಾತು ಅಲ್ಲೇ. "ಕೈಗೆ ಕೆಲ್ಸ ಇದ್ರೆ ಬಾಯಿ ದೊಡ್ಡ ದೊಡ್ಡ ಮಾತಾಡಕಿಲ್ಲ" ಎನ್ನುವುದು ಅವರ ಲೆಕ್ಕ. ಡಾಕ್ಟರು ಕಾಳು ಹಿದುಕಿದರೆ ಅದು ನೇರ ಕಾವ್ಯಳ ಮುಖಕ್ಕೆ ಹಾರುತ್ತಿತ್ತು. "ಡಾಕ್ಟ್ರೇ, ಔಸ್ದಿ ಕೊಟ್ಟಂಗೇ ಕೊಡ್ತಿದೀರಲ್ಲ, ಗುರಿನೇ ಇಲ್ಲ" ಎಂದು ಮೇಡಂ ಛೇಡಿಸುತ್ತಿದ್ದರು.

ಚೌಡಮ್ಮನನ್ನು ತಂದವನು ನಯಾಜನೇ. ರೇಷ್ಮೆಗೂಡಿನ ಮಾರುಕಟ್ಟೆಯ ಗೇಟಿನ ಹತ್ತಿರ ಬಿದ್ದಿದ್ದಳಂತೆ. ನಲವತ್ತರ ಆಸುಪಾಸಿನ ಹೆಂಗಸು. ಮೈಮೇಲೆ ಗಾಯ, ಬಾಯಲ್ಲಿ ಮಾತಿಲ್ಲ. ಊಟಕ್ಕೆ ಕೂತರೆ ಮುದ್ದೆ ಮುಟ್ಟುತ್ತಿರಲಿಲ್ಲ, ಅನ್ನ ಮುಟ್ಟುತ್ತಿರಲಿಲ್ಲ. ಸಿಪ್ಪೆ ಇರುವ ಬಾಳೆಹಣ್ಣು, ಚಿಪ್ಪು ಇರುವ ಬೇಯಿಸಿದ ಮೊಟ್ಟೆ, ಇವೆರಡೇ. ಅದೂ ಬೇರೆಯವರು ಸುಲಿದುಕೊಟ್ಟರೆ ಎಸೆದುಬಿಡುತ್ತಿದ್ದಳು. ಪಕ್ಕದ ಚಾಪೆಯವರು ಆಡಿಕೊಂಡರು: "ರಾಣಿ ಬಂದವ್ಳೆ, ಮೊಟ್ಟೆನೇ ಆಗ್ಬೇಕು."

ಮೇಡಂ ತಮ್ಮ ತಟ್ಟೆ ತಂದು ಅವಳ ಪಕ್ಕ ಕೂರಲು ಶುರುಮಾಡಿದರು. ಏನೂ ಕೇಳುತ್ತಿರಲಿಲ್ಲ, ತಮ್ಮ ಪಾಡಿಗೆ ಮುದ್ದೆ ನುಂಗುತ್ತಿದ್ದರು. ಒಂದು ಮಧ್ಯಾಹ್ನ ಚೌಡಮ್ಮ ಸಟ್ಟನೆ ಮೇಡಂ ತಟ್ಟೆಗೇ ಕೈ ಹಾಕಿ, ಮುದ್ದೆಯನ್ನು ಪುಡಿ ಪುಡಿ ಮಾಡಿ, ಬೆರಳಲ್ಲಿ ಹಿಸುಕಿ ಹಿಸುಕಿ ನೋಡಿದಳು. ಮೇಡಂ ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸಿದರು.

"ಏನವ್ವಾ ಹುಡುಕ್ತಿದೀಯ?"

"ಗುಳಿಗೆ."

ಅವಳು ನಮ್ಮಲ್ಲಿ ಆಡಿದ ಮೊದಲ ಮಾತು ಅದು. ಆಮೇಲೆ ಸ್ವಲ್ಪಸ್ವಲ್ಪವಾಗಿ ಹೊರಬಂತು. ತಿಪ್ಪಸಂದ್ರದ ಕಡೆಯ ಹಳ್ಳಿ, ಅಣ್ಣನ ಮನೆ. ಹುಷಾರು ತಪ್ಪಿದಾಗ ಮಾತ್ರೆ ಬೇಡ ಎಂದು ಹಟ ಮಾಡುತ್ತಿದ್ದಳು. ಮುದ್ದೆಯನ್ನು ನಮ್ಮ ಕಡೆ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ಒಳಗೆ ಏನಿದ್ದರೂ ನಾಲಿಗೆಗೆ ಗೊತ್ತಾಗುವುದಿಲ್ಲ. ಅತ್ತಿಗೆ ಮುದ್ದೆಯೊಳಗೆ ಮಾತ್ರೆ ಇಟ್ಟು ಕಟ್ಟುತ್ತಿದ್ದಳು. "ಉಂಡ್ಮ್ಯಾಕೆ ನಿದ್ದೆ ಬರೋದು. ಎದ್ರೆ ಬೆಳಗೋ ಬೈಗೋ ಗೊತ್ತಾಗ್ತಿರ್ಲಿಲ್ಲ. ನಂಗೆ ಇಸ ಹಾಕ್ತಾವ್ರೆ ಅಂತ ಓಡ್ಬಂದೆ" ಎಂದಳು ಚೌಡಮ್ಮ.

ಅತ್ತಿಗೆ ಮಾಡಿದ್ದು ನಿನ್ನ ಒಳ್ಳೆಯದಕ್ಕೇ ಎಂದು ಮೇಡಂ ಹೇಳಲಿಲ್ಲ. ತಪ್ಪು ಎಂದೂ ಹೇಳಲಿಲ್ಲ. ಅಡಿಗೆಮನೆಗೆ ಬಂದು ನನಗೆ ಅಂದರು: "ಜಯಮ್ಮ, ನಾಳೆಯಿಂದ ಮುದ್ದೆ ತೊಳಸೋವಾಗ ಇವ್ಳು ಇಲ್ಲಿ ಕೂತಿರ್ಲಿ. ಹೊಟ್ಟೆಗೆ ಸುಳ್ಳು ಹೇಳುದ್ರೆ ತಲೆ ನಂಬಕಿಲ್ಲ ಕಣಮ್ಮಿ."

ಅಂದಿನಿಂದ ಚೌಡಮ್ಮ ಒಲೆಯ ಎದುರು ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಎಸರು ಕುದಿಯುವುದು, ಹಿಟ್ಟು ಸುರಿಯುವುದು, ಕೋಲಿನಲ್ಲಿ ತಿರುವುವುದು, ಮಣೆಯ ಮೇಲೆ ಕಟ್ಟುವುದು. ಪೊಲೀಸರು ಕಾವಲು ಕೂತ ಹಾಗೆ. ಒಂದು ದಿನ "ಗಂಟು ಐತೆ, ಸರಿಯಾಗಿ ತಿರುವು" ಎಂದು ನನ್ನ ಕೈಯಿಂದ ಕೋಲು ಕಿತ್ತುಕೊಂಡಳು. ಅವತ್ತು ತಾನೇ ಕಟ್ಟಿದ ಮುದ್ದೆ ಉಂಡಳು.

ಮಾತ್ರೆಯ ವಿಷಯದಲ್ಲಿ ಮೇಡಂ ಎಲ್ಲರಿಗೂ ಒಂದೇ ಕಟ್ಟುಪಾಡು ಮಾಡಿದ್ದರು. ಮಾತ್ರೆಯನ್ನು ಅಂಗೈಯಲ್ಲಿ ಕಾಣುವಂತೆ ಇಟ್ಟು, ಅದರ ಹೆಸರು, ಅದು ಏನು ಮಾಡುತ್ತದೆ, ಏನು ತೊಂದರೆ ಕೊಡಬಹುದು, ಎಲ್ಲ ಹೇಳಿ, "ತಗೋತೀಯಾ?" ಎಂದು ಕೇಳಬೇಕು. ಬೇಡ ಎಂದರೆ ಕೈ ಹಿಂದಕ್ಕೆ. ಕಾವ್ಯಳಿಗೆ ಇದು ಒಪ್ಪಿಗೆಯಾಗುತ್ತಿರಲಿಲ್ಲ.

"ಮೇಡಂ, ಬೇಡ ಅಂದವರಿಗೆ ಕಾಯಿಲೆ ಜಾಸ್ತಿ ಆದರೆ?"

"ಆಯ್ತದೆ. ಆದ್ರೆ ಮತ್ತೆ ಕೇಳಾಣ."

ಕೆಲವರಿಗೆ ಜಾಸ್ತಿಯಾದದ್ದೂ ಉಂಟು. ಗಂಡಸರ ಕಡೆಯ ಒಬ್ಬ ಮುದುಕ ಮಾತ್ರೆ ಬಿಟ್ಟು, ಕಿಟಕಿ ಗಾಜು ಒಡೆದು ಕೈ ಕುಯ್ದುಕೊಂಡ. ಆಸ್ಪತ್ರೆಗೆ ಮೇಡಂ ತಾವೇ ಜೊತೆಗೆ ಹೋಗಿ, ಹೊಲಿಗೆ ಹಾಕುವ ತನಕ ಅವನ ಪಕ್ಕ ಇದ್ದರು. ವಾಪಸ್ ಬಂದು ಅಡಿಗೆಮನೆಯಲ್ಲಿ ಕೂತು ಅತ್ತರು. ಆದರೂ ಆ ಕಟ್ಟುಪಾಡು ಬದಲಾಯಿಸಲಿಲ್ಲ.

ಚೌಡಮ್ಮ ಮೊದಮೊದಲು ಬೇಡ ಎಂದಳು, ಒಂದು ದಿನ ಹೂಂ ಎಂದಳು. ನಿಧಾನವಾಗಿ ಅವಳ ಕಣ್ಣು ತಿಳಿಯಾಯಿತು. ನನಗೂ ಜೊತೆಯಾದಳು. ಅಣ್ಣನಿಗೆ ಸುದ್ದಿ ಹೋಗಿ ಅವನು ಬಂದ. ಒಳ್ಳೆಯ ಮನುಷ್ಯನೇ. ತಂಗಿಯನ್ನು ನೋಡಿ ಬಾಗಿಲಲ್ಲೇ ನಿಂತು ಅತ್ತ. ಚೌಡಮ್ಮನಿಗೂ ಊರಿಗೆ ಹೋಗುವ ಆಸೆ. ಮೇಡಂ ಅವನನ್ನು ಕೂರಿಸಿಕೊಂಡು ಅಂಗೈಯ ಪಾಠ ಹೇಳಿದರು. "ಮುದ್ದೆ ಒಳಗೆ ಮಾತ್ರ ಇಡಬ್ಯಾಡಿ ಕಣಪ್ಪ. ಬ್ಯಾಡ ಅಂದ್ರೆ ನಂಗೊಂದು ಫೋನ್ ಮಾಡಿ, ನಾನೇ ಬತ್ತೀನಿ."

"ಆಯ್ತು ಬುಡಿ ಮೇಡಂ" ಎಂದ. ಮಾಗಡಿ ಬಸ್ಸಿನಲ್ಲಿ ಅಣ್ಣ ತಂಗಿ ಹೋದರು.

ಕೆಲವು ತಿಂಗಳ ಮೇಲೆ ಅವನದೇ ಫೋನ್ ಬಂತು. ಅವಳು ಮಾತ್ರೆ ಬೇಡ ಅಂದಿದ್ದಳು, ಮನೆಯವರಿಗೆ ಹೆದರಿಕೆಯಾಗಿತ್ತು. "ಹೊಲ್ದ ಕೆಲ್ಸಕ್ಕೆ ಹೋಗೋವಾಗ ಒಬ್ಳನ್ನೇ ಹೆಂಗ್ ಬುಟ್ಟು ಹೋಗದು ಮೇಡಂ? ನನ್ನ ಹೆಂಡ್ರು ಒಂದಪ ಮುದ್ದೆಲಿ ಇಟ್ಲು. ಇವ್ಳು ಮುರಿದು ನೋಡ್ಬುಟ್ಲು. ಎದ್ದು ಹೊಂಟೋದ್ಲು." ಮೇಡಂ ಅವನನ್ನು ಬೈಯಲಿಲ್ಲ. ಫೋನ್ ಇಟ್ಟು, "ಹೆದ್ರಿಕೆ ಬಂದ್ರೆ ಎಲ್ರೂ ಮುಚ್ಚಿಡ್ತಾರೆ ಜಯಮ್ಮ. ಕಳ್ಸಿದ್ದು ನಾನು" ಎಂದರು.

ಅಲ್ಲಿಂದ ಭಾನುವಾರಗಳೆಲ್ಲ ಹುಡುಕಾಟಕ್ಕೆ ಹೋದವು. ಮಾಗಡಿ, ಕನಕಪುರ, ಚನ್ನಪಟ್ಟಣ, ಎಲ್ಲ ಬಸ್ ನಿಲ್ದಾಣ, ಊಟ ಹಾಕುವ ಎಲ್ಲ ದೇವಸ್ಥಾನ. ನಾನು ಜೊತೆಗಿರುತ್ತಿದ್ದೆ. ಮೇಡಂ ಫೋಟೋ ತೋರಿಸುತ್ತಿರಲಿಲ್ಲ. ಬೀದಿಗೆ ಬಿದ್ದ ಮೇಲೆ ಮುಖ ಬದಲಾಗುತ್ತದೆ, ಫೋಟೋ ನೋಡಿ ಯಾರೂ ಗುರುತು ಹಿಡಿಯುವುದಿಲ್ಲ ಎನ್ನುತ್ತಿದ್ದರು. ಮೊಟ್ಟೆ, ಹಣ್ಣು ಮಾರುವ ಗಾಡಿಯವರ ಹತ್ತಿರ ಹೋಗಿ ಕೇಳುತ್ತಿದ್ದರು: "ಚಿಪ್ಪು ಸುಲಿದ ಮೊಟ್ಟೆ ಕೊಟ್ರೆ ಎಸೆದು, ತಾನೇ ಸುಲ್ಕೊಂಡು ತಿನ್ನೋ ಹೆಂಗಸು ಯಾರಾದ್ರೂ ಬತ್ತಾರೇನಪ್ಪ?" ಕನಕಪುರದಲ್ಲಿ ಒಬ್ಬ ಹಣ್ಣಿನವನು ಹೌದೆಂದ. ಅಂಥವಳು ಬರುತ್ತಿದ್ದಳು, ಈಚೆಗೆ ಕಾಣೆ ಎಂದ. ಆ ಒಂದು ಮಾತಿಗೆ ಮೇಡಂ ಮುಖ ಅರಳಿತು. ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದರು. ಅವರೂ ನನ್ನಷ್ಟೇ ಒಂಟಿ ಎಂದು ನನಗೆ ಹೊಳೆದದ್ದು ಆವಾಗ.

ನಾನು ಅವರನ್ನು ಜೀವಂತವಾಗಿ ಕಡೆಯದಾಗಿ ನೋಡಿದ್ದು ಒಂದು ಶನಿವಾರ ಸಂಜೆ. ಊರಿನಲ್ಲಿ ಅಣ್ಣನ ಮೊಮ್ಮಗಳ ನಾಮಕರಣ ಎಂದು ಸಾತನೂರಿನ ಬಸ್ಸು ಹತ್ತಿದರು. ಕಿಟಕಿಯಿಂದ, "ಮುಂದಿನ ವಾರ ಚನ್ನಪಟ್ಟಣ ಕಡೆ ಇನ್ನೊಂದಪ ಹೋಗಾಣ" ಎಂದರು. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಹೃದಯಾಘಾತ. ನಾವು ಹೋಗುವಷ್ಟರಲ್ಲಿ ಹೊಲಕ್ಕೆ ಒಯ್ಯುತ್ತಿದ್ದರು. ಮುಖ ನೋಡಿದೆ, ಮಣ್ಣು ಹಾಕಿದೆ.

ತಿಥಿಗೆ ನಾನೊಬ್ಬಳೇ ಹೋದೆ. ಅವರ ಸಂಬಂಧಿಕರಲ್ಲಿ ಯಾರಿಗೂ ನನ್ನ ಗುರುತಿರಲಿಲ್ಲ. ಒಬ್ಬರು ಯಾರಮ್ಮ ನೀವು ಎಂದರು. "ಅಡಿಗೆಯವಳು" ಎಂದೆ, ಬಾಯಿಗೆ ಬಂದದ್ದು ಅದೇ. "ಹಂಗಾರೆ ಹಿತ್ಲಿಗೆ ಹೋಗಿ, ತರಕಾರಿ ಬಂದೈತೆ" ಎಂದರು. ಹಿತ್ತಿಲಿಗೆ ಹೋಗಿ ಕುಂಬಳಕಾಯಿ ಹೆಚ್ಚಿದೆ. ಅಷ್ಟಾದರೂ ಕೆಲಸ ಸಿಕ್ಕಿತಲ್ಲ ಎನ್ನಿಸಿತು.

ಮೇಡಂ ಜಾಗಕ್ಕೆ ಕಾವ್ಯಳೇ ಬಂದಳು. ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ. ನನ್ನ ಭಾನುವಾರಗಳು ಮಾತ್ರ ಖಾಲಿಯಾದವು.

ಮಳೆಗಾಲ ಕಳೆದು ಅವರೆ ಹೂ ಬಿಡುವ ಹೊತ್ತಿಗೆ ನಯಾಜನ ಆಟೋ ಬಂದು ನಿಂತಿತು. ಚೌಡಮ್ಮ ಇಳಿದಳು. ಕೂದಲು ಕತ್ತರಿಸಿಕೊಂಡಿದ್ದಳು, ಮೂಳೆ ಎದ್ದಿತ್ತು. ನೇರ ಅಡಿಗೆಮನೆಗೆ ಬಂದು, ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದ ಕಡೆ ಕುಕ್ಕರಿಸಿದಳು. "ಮೇಡಮ್ಮ ಎಲ್ಲಿ?"

ಅವಳ ಹಿಂದೆ ಬಾಗಿಲಲ್ಲಿ ಕಾವ್ಯ ನಿಂತಿದ್ದಳು. ಬೇಡ ಎನ್ನುವಂತೆ ನನಗೆ ತಲೆಯಾಡಿಸಿ, "ಮೇಡಂಗೆ ಟ್ರಾನ್ಸ್‌ಫರ್ ಆಗಿದೆ ಚೌಡಮ್ಮ" ಎಂದಳು. ಸಾವಿನ ಸುದ್ದಿ ಕೇಳಿ ಇವಳು ಮತ್ತೆ ಓಡಿಹೋದರೆ ಎಂಬ ಹೆದರಿಕೆ ಅವಳಿಗೆ. ಆ ಹೆದರಿಕೆ ನನಗೂ ಇತ್ತು. ಚೌಡಮ್ಮ ಅವಳ ಕಡೆ ತಿರುಗಲೇ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ ಕಣವ್ವಾ, ತೀರ್ಕೊಂಡ್ರು" ಎಂದೆ.

"ನೀನು ನೋಡ್ದಾ?"

"ನೋಡ್ದೆ. ಸಾತನೂರಲ್ಲಿ ಮಣ್ಣು ಮಾಡುದ್ರು. ನಾನೂ ಮಣ್ಣು ಹಾಕ್ದೆ."

"ನನ್ನ ಹುಡುಕುದ್ರಾ?"

"ಹುಡುಕುದ್ರು. ಕಡೇವರ್ಗೂ."

ಅವಳು ಎದ್ದು ನಿಂತಳು. ಹೊರಟೇಬಿಟ್ಟಳು ಎಂದುಕೊಂಡೆ. ಕಾವ್ಯ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಚೌಡಮ್ಮ ಹೊರಗೆ ಹೋಗಿ, ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ವಾಪಸ್ ಬಂದಳು.

"ನಿಂಗೆ ಯಾರವ್ರೆ ಈಗ?" ಎಂದು ಕೇಳಿದಳು.

ಮೇಡಂ ಹೋದ ಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. "ಯಾರೂ ಇಲ್ಲ ಕಣವ್ವಾ" ಎಂದೆ. ಒಲೆಯ ಮೇಲೆ ಎಸರು ಕುದಿದು ಉಕ್ಕುತ್ತಿತ್ತು. ಅವಳು ನನ್ನ ಮುಂದಿದ್ದ ಹಿಟ್ಟನ್ನು ಎತ್ತಿಕೊಂಡು ಹೋಗಿ ಸುರಿದಳು.