ಮಾವನ ಹೆಗಲ ಟವೆಲ್ಲು

ನನ್ನ ಸ್ಪೋರ್ಟ್ಸ್ ಬೈಕು ಕೆಲವು ದಿನದಿಂದ ಮಿಸ್ಸಿಂಗ್ ಹೊಡೆಯುತ್ತಿತ್ತು. ಇದಕ್ಕೆಲ್ಲ ಗ್ಯಾರೇಜ್ ಯಾಕೆ, ವಿಡಿಯೊ ನೋಡಿ ನಾನೇ ಮಾಡ್ತೀನಿ ಅಂತ ಮಧುವನಹಳ್ಳಿಯ ನಮ್ಮ ಮನೆ ಅಂಗಳದಲ್ಲಿ ಭಾನುವಾರ ಬೆಳಿಗ್ಗೆ ಟ್ಯಾಂಕು, ಏರ್ ಫಿಲ್ಟರು ಎಲ್ಲ ಬಿಚ್ಚಿದೆ. ಕ್ಲೀನ್ ಮಾಡಿ ಜೋಡಿಸಿದ ಮೇಲೆ ಗಾಡಿ ಸ್ಟಾರ್ಟೇ ಆಗಲಿಲ್ಲ. ಪ್ಲಗ್ ಬದಲಾಯಿಸಿದೆ, ಬ್ಯಾಟರಿ ಚಾರ್ಜ್ ಮಾಡಿದೆ. ಊಹೂಂ.

ಹಿಂದಿನ ದಿನ ಹೂಗ್ಯಂನಿಂದ ಬಂದಿದ್ದ ನಮ್ಮ ಮಾವ ಜಗಲಿ ಮೇಲೆ ಸುಮ್ಮನೆ ಕೂತಿದ್ದರು. ಹೊನ್ನೂರಿನ ನೆಂಟರ ಮನೆಗೆ ಹೊರಟವರಿಗೆ ಕೆಂಪಂಚಿನ ಹೆಗಲ ಟವೆಲ್ಲು ಸಿಕ್ಕಿರಲಿಲ್ಲ. ಅದಿಲ್ಲದೆ ಅವರು ಬೀದಿಗೆ ಇಳಿಯುವವರಲ್ಲ. ನನಗೋ ಮೊದಲೇ ತಲೆ ಕೆಟ್ಟಿತ್ತು. "ಪಕ್ಕದ ಮನೆ ನಾಯಿ ಎಳ್ಕೊಂಡು ಹೋಗಿರುತ್ತೆ ಬಿಡಿ" ಅಂತ ಆ ಮನೆಯ ಅಕ್ಕನಿಗೆ ಕೇಳುವ ಹಾಗೇ ಕೂಗಿದೆ.

ಅಕ್ಕ ಅಂಗಳಕ್ಕೇ ಬಂದರು. "ನಮ್ ನಾಯ್ನ ಬೆಳಗ್ಗಿಂದ ಕಟ್ಟಾಕಿವ್ನಿ ಕಣಪ್ಪಾ!"

ಅವರು ಸೊಂಟದ ಮೇಲೆ ಕೈಯಿಟ್ಟು ನಿಂತಿರುವಾಗಲೇ ನಾನು ಟ್ಯಾಂಕು, ಫಿಲ್ಟರನ್ನು ಮತ್ತೆ ಬಿಚ್ಚಿದೆ. ಅದರ ಹಿಂದೆ, ಎಂಜಿನ್ ಗಾಳಿ ಎಳೆಯುವ ಬಾಯಲ್ಲಿ ಬಟ್ಟೆ ಇತ್ತು. ಒಳಗೆ ಸ್ಕ್ರೂ ಬೀಳದಿರಲಿ ಅಂತ ಕೈಗೆ ಸಿಕ್ಕಿದ್ದನ್ನು ತುರುಕಿ ಮರೆತವನು ನಾನೇ. ಎಳೆದೆ. ಮೊದಲು ಕೆಂಪಂಚು ಬಂತು.

ಮಾವ ಅದನ್ನು ನೋಡಿದರು, ಅಕ್ಕನ ಮುಖ ನೋಡಿದರು. "ಅದು ನಂದಲ್ಲ ಕಣ್ರಿ ಅಳಿಯಂದ್ರೇ. ನಂದ್ನ ಬಸ್ಸಲ್ಲೇ ಬಿಟ್ಬುಟ್ಟೆ ಅನ್ಸುತ್ತೆ" ಅಂದರು.

ನಾನು ತಲೆಯೆತ್ತದೆ ಫಿಲ್ಟರು, ಟ್ಯಾಂಕು ಕೂರಿಸಿ ಸ್ವಿಚ್ ಒತ್ತಿದೆ. ಗಾಡಿ ಒಂದೇ ಸಲಕ್ಕೆ ಅಬ್ಬರಿಸಿತು. ತುಂಬ ಹೊತ್ತು ಆಫ್ ಮಾಡಲಿಲ್ಲ. ಆಫ್ ಮಾಡಿದರೆ ನಾನು ಏನಾದರೂ ಮಾತಾಡಬೇಕಾಗುತ್ತಿತ್ತಲ್ಲ.