ಕೋಟು ತೊಟ್ಟ ಸಾಲಗಾರ

ಘೋಡಗೇರಿಯ ಸತ್ತೆವ್ವನಿಗೆ ಇಬ್ಬರ ಮೇಲೆ ನಂಬಿಕೆ ಇರಲಿಲ್ಲ: ಒಬ್ಬ ದೇವರು, ಇನ್ನೊಬ್ಬ ಅಪ್ಪಣ್ಣ. ದೇವರು ಗಂಡನನ್ನು ಬೇಗ ಕರೆದುಕೊಂಡಿದ್ದ. ಗಂಡ ಬಿಟ್ಟುಹೋದ ಜೋಡೆತ್ತನ್ನು ಅಪ್ಪಣ್ಣ, "ಸುಗ್ಗಿಗೆ ರೊಕ್ಕ ಕೊಡತೇನಿ" ಎಂದು ಹೊಡೆದುಕೊಂಡು ಹೋಗಿದ್ದ. ಆ ಹಣದಲ್ಲಿ ಒಂದು ಎಮ್ಮೆ ಕೊಂಡು, ತಮ್ಮನ ಮನೆಯ ರೊಟ್ಟಿಗೆ ಕೈಯೊಡ್ಡದೆ ಬದುಕಬೇಕೆಂದಿದ್ದಳು. ಮೂರು ಸುಗ್ಗಿ ಕಳೆದವು, ರೊಕ್ಕ ಬರಲಿಲ್ಲ. ಇದು ೧೯೩೦ರ ಸುಮಾರಿನ ಮಾತು.

ಸತ್ತೆವ್ವ ಗೋಕಾಕದ ಕೋರ್ಟಿಗೆ ಹೋಗಿ ದಾವೆ ಗೆದ್ದಳು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ಇಲ್ಲಿ ಸೋತ ಅಪ್ಪಣ್ಣ ಇನ್ನಷ್ಟು ದಪ್ಪಗಾದ. ಜಪ್ತಿಗೆಂದು ಬಂದ ಕೋರ್ಟಿನ ಬೇಲೀಫ ಉದ್ದಪ್ಪ ಅವನ ಮನೆಯಲ್ಲಿ ಕೂತು ಚಹಾ ಕುಡಿದ. ಅಡಿಗೆ ಪಾತ್ರೆ, ಹಾಸಿಗೆ, ಒಕ್ಕಲುತನದ ಎತ್ತು, ಇವನ್ನು ಮುಟ್ಟುವಂತಿಲ್ಲ ಎಂಬುದು ಕಾಯಿದೆ. ಹೊಲ ತಾಯಿಯ ಹೆಸರಿನಲ್ಲಿತ್ತು. ಉಳಿದದ್ದನ್ನು ಅಪ್ಪಣ್ಣ ಮೊದಲೇ ಬೀಗರ ಮನೆಗೆ ಸಾಗಿಸಿದ್ದ.

"ಅವು ನನ್ನ ಎತ್ತುರಿ," ಎಂದಳು ಜೊತೆಗೆ ಬಂದಿದ್ದ ಸತ್ತೆವ್ವ, ಜೋಡೆತ್ತಿನ ಕಡೆ ಕೈ ತೋರಿಸಿ.

"ಈಗ ಅವು ಅಪ್ಪಣ್ಣಾರ ಎತ್ತು, ಯವ್ವಾ. ನಿನಗ ಬರಬೇಕಾದ್ದು ರೊಕ್ಕ ಅಷ್ಟ," ಎಂದ ಉದ್ದಪ್ಪ.

ಕಾಯಿದೆಗೆ ಎತ್ತಿನ ಮೇಲಿದ್ದ ಕರುಣೆ ಎತ್ತು ಕಳಕೊಂಡವಳ ಮೇಲೆ ಇರಲಿಲ್ಲ. ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಆದರೆ ಸತ್ತೆವ್ವನಿಗೆ ಮಂದಿಯ ಉಡುಗೆ ನೋಡುವ ಚಟವಿತ್ತು. ಬಿರುಬಿಸಿಲಿನಲ್ಲೂ ಅಪ್ಪಣ್ಣ ಹುಕ್ಕೇರಿ ಸಂತೆಗೆ ಕರಿ ಕೋಟು ತೊಟ್ಟು ಹೋಗುತ್ತಿದ್ದ. ಬದನೆಕಾಯಿ ಕೊಳ್ಳಲು ಯಾರೂ ಕೋಟು ಹಾಕುವುದಿಲ್ಲ. ಒಂದು ಸಂತೆಯ ದಿನ ಅವನ ಹಿಂದೆಯೇ ನಡೆದಳು. ಕೋಟು ಸೊಸೈಟಿ ಬ್ಯಾಂಕಿನ ಮೆಟ್ಟಿಲು ಹತ್ತಿತು.

"ಅವನ ರೊಕ್ಕ ಮನ್ಯಾಗಿಲ್ರಿ, ಬ್ಯಾಂಕಿನಾಗ ಐತಿ," ಎಂದು ವಕೀಲರಿಗೆ ಹೇಳಿದಳು.

ವಕೀಲರು ಹಿಗ್ಗಿದರು. ಬ್ಯಾಂಕಿನಲ್ಲಿಟ್ಟ ಹಣವೆಂದರೆ ಬ್ಯಾಂಕು ಅಪ್ಪಣ್ಣನಿಗೆ ಕೊಡಬೇಕಾದ ಬಾಕಿ. ಕೋರ್ಟು ಆ ಬಾಕಿಯನ್ನೇ ಜಪ್ತಿ ಮಾಡಬಹುದು. ಮೊದಲು ಬ್ಯಾಂಕಿಗೊಂದು ಹುಕುಂ: ಅವನಿಗೆ ಕೊಡಬೇಡಿ. ಆಮೇಲೆ ಇನ್ನೊಂದು: ಸತ್ತೆವ್ವನಿಗೆ ಸಲ್ಲಬೇಕಾದಷ್ಟನ್ನು ಕೋರ್ಟಿಗೆ ಕಟ್ಟಿ. ಅಲ್ಲಿಂದ ಅದು ಅವಳ ಕೈಗೆ. ಇದಕ್ಕೆ ಅಪ್ಪಣ್ಣನ ಅಪ್ಪಣೆ ಬೇಕಿರಲಿಲ್ಲ.

ಮೊದಲ ಹುಕುಂ ಮುಟ್ಟಿದ ವಾರ, ಸಂತೆಯ ದಿನ ಸತ್ತೆವ್ವ ಬ್ಯಾಂಕಿನ ಬಾಗಿಲಲ್ಲಿ ಮುಂಚೆಯೇ ಬಂದು ಕೂತಿದ್ದಳು. ಅಪ್ಪಣ್ಣ ಬಂದ, ಅವಳ ಕಡೆ ನೋಡದೆ ಒಳಗೆ ಹೋಗಿ ಹಣ ಕೇಳಿದ.

"ರೊಕ್ಕ ನಿಮ್ದ ಐತ್ರಿ, ಖರೆ. ಆದ್ರ ಕೊಡಾಕ ಬರೂದಿಲ್ಲ," ಎಂದ ಗುಮಾಸ್ತ.

"ನನ್ನ ರೊಕ್ಕ ನನಗ ಯಾಕ ಕೊಡೂದಿಲ್ಲ?" ಅಪ್ಪಣ್ಣನ ದನಿ ಬೀದಿಗೆ ಕೇಳಿಸಿತು.

"ನಾನೂ ಮೂರು ವರ್ಷದಿಂದ ಅದನ್ನ ಕೇಳಾಕತ್ತೇನ್ರಿ, ಅಪ್ಪಣ್ಣಾರ," ಎಂದಳು ಸತ್ತೆವ್ವ ಬಾಗಿಲಿನಿಂದ.