ನಿಶ್ಚಯದ ತಾಂಬೂಲವನ್ನೇ ಅಗಿದುಬಿಟ್ಟೆ

ಮೂರು ವರ್ಷದ ಹಿಂದಿನ ಮಾತು. ಮಗಳು ಶಿಲ್ಪಾಳಿಗೆ ಗಂಡು ಗೊತ್ತಾಗುತ್ತಿದ್ದ ಹೊತ್ತಿನಲ್ಲೇ ನನ್ನ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಾಣಿಸಿಕೊಂಡಿತು. ತುಮಕೂರಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಎಲೆ ಅಡಿಕೆ, ಹೊಗೆಸೊಪ್ಪು ಎಲ್ಲಾ ಇವತ್ತೇ ಬಿಡಿ. ಇಲ್ಲಾಂದ್ರೆ ಕ್ಯಾನ್ಸರಿಗೆ ತಿರುಗಬೋದು" ಎಂದರು. ಗುಬ್ಬಿಗೆ ಬರುವ ಬಸ್ಸಿನಲ್ಲಿ ಶಿಲ್ಪಾ ಅತ್ತಳು. "ನನ್ ಮದ್ವೇಲಿ ನೀನಿರ್ಬೇಕು ಕಣಮ್ಮ" ಎಂದಳು. ಎಲೆಚೀಲವನ್ನು ಆಗಲೇ ಅವಳ ಕೈಗೆ ಕೊಟ್ಟುಬಿಟ್ಟೆ.

ಬಾಣಂತನದಲ್ಲಿ ಅತ್ತೆ ಕಲಿಸಿದ ಚಟ ಅದು. ಮನಸ್ಸು ಬಿಟ್ಟರೂ ಮೈ ಬಿಡಬೇಕಲ್ಲ! ಎರಡನೇ ದಿನಕ್ಕೇ ತಲೆ ಸಿಡಿಯತೊಡಗಿತು, ಹೊಟ್ಟೆ ಕಲ್ಲಾಯಿತು. ಬ್ಲೌಸ್ ಹೊಲಿಯುವುದು ನನ್ನ ಕೆಲಸ. ಒಂದು ಬ್ಲೌಸಿಗೆ ಎರಡೂ ಎಡತೋಳೇ ಹಚ್ಚಿ, ಕೇಳಲು ಬಂದವಳಿಗೇ ಬೈದು ಕಳಿಸಿದೆ. ನಮ್ಮ ಮನೆಯವರು ಕಾಫಿ ಕೇಳಲೂ ಹೆದರಿ ಹೋಟೆಲಿಗೆ ಹೋಗುತ್ತಿದ್ದರು.

ಐದನೇ ದಿನ ಕುಣಿಗಲ್‌ನಿಂದ ಹುಡುಗನ ಕಡೆಯವರು ಬಂದರು. ಮಾತು ಮುಗಿದ ಮೇಲೆ ಬದಲಾಯಿಸಿಕೊಳ್ಳಲು ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟಿತ್ತು. ಗಂಡಸರು ಛತ್ರ ಗುಬ್ಬಿಯಲ್ಲೋ ಕುಣಿಗಲ್‌ನಲ್ಲೋ ಎಂದು ಎಳೆದಾಡುತ್ತಿದ್ದರು. ನನಗೆ ಒಂದೂ ಕಿವಿಗೆ ಬೀಳಲಿಲ್ಲ. ಯಾವಾಗ ಎಲೆ ತೆಗೆದೆನೋ, ಯಾವಾಗ ಸೆರಗಿಗೆ ಒರೆಸಿ ತೊಟ್ಟು ಮುರಿದೆನೋ ಗೊತ್ತಿಲ್ಲ. ನಿಶ್ಚಯದ ತಾಂಬೂಲ ನನ್ನ ಬಾಯಲ್ಲಿತ್ತು! ಅಷ್ಟಕ್ಕೇ ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಹುಡುಗನ ಅಜ್ಜಿಗೆ, "ಒಂದೆಸಳು ಹೊಗೆಸೊಪ್ಪಿದ್ರೆ ಕೊಡಿ" ಎಂದು ಕೈ ಚಾಚಿದೆ.

ಶಿಲ್ಪಾ ಅಳುತ್ತಾ, "ಡಾಕ್ಟ್ರು ಬೇಡ ಅಂದವ್ರೆ ಅಜ್ಜಿ, ಕೊಡ್ಬೇಡಿ" ಎಂದಳು.

ಅಜ್ಜಿ ಬಂದಾಗಿನಿಂದ ಸೆರಗನ್ನು ಕೆನ್ನೆಗೆ ಒತ್ತಿಕೊಂಡೇ ಕೂತಿದ್ದರು. ಜಂಬ ಎಂದುಕೊಂಡಿದ್ದೆ. ಈಗ ಸೆರಗು ಸರಿಸಿದರು. ಒಂದು ಕಡೆ ಕೆನ್ನೆಯೇ ಒಳಕ್ಕೆ ಹೋಗಿತ್ತು. "ನೋಡವ್ವ, ಅರ್ಧ ದವಡೆ ಆಸ್ಪತ್ರೇಲೇ ಬುಟ್ಟು ಬಂದಿವ್ನಿ" ಎಂದವರೇ ನನ್ನ ಬಾಯಿಯ ಕೆಳಗೆ ಅಂಗೈ ಹಿಡಿದರು. "ಉಗಿ. ನನ್ ಮೊಮ್ಮಗಂಗೆ ಅತ್ತೆ ಇರ್ಬೇಕು."

ಎಲ್ಲರ ಎದುರಿಗೇ ಉಗಿದೆ. ಹುಡುಗನ ತಂದೆ ಜೋರಾಗಿ ನಕ್ಕು, "ತಾಂಬೂಲ ಬಾಯಿಗೇ ಹಾಕ್ಕೊಂಡವ್ರೆ. ಇನ್ನೇನ್ ಮಾತು? ಛತ್ರ ಗುಬ್ಬೀಲೇ ಇರ್ಲಿ ಬುಡಿ" ಎಂದರು. ಮದುವೆಯ ದಿನ ಅಜ್ಜಿಯ ಕಣ್ಣು ಮದುಮಗಳಿಗಿಂತ ಹೆಚ್ಚಾಗಿ ನನ್ನ ಬಾಯಿಯ ಮೇಲೇ ಇತ್ತು.

ಮಚ್ಚೆ ಈಗ ಮಾಯವಾಗಿದೆ. ಚಪಲ ಮಾತ್ರ ಇನ್ನೂ ಆಗಾಗ ಬರುತ್ತದೆ. ನಾಲ್ಕು ಜನರ ಮುಂದೆ ಮುಚ್ಚಿಟ್ಟುಕೊಂಡಿದ್ದ ಮುಖವನ್ನು, ಆ ದಿನವಷ್ಟೇ ಕಂಡ ನನಗಾಗಿ ಅಜ್ಜಿ ತೆರೆದು ತೋರಿಸಿದರಲ್ಲ, ಅದನ್ನು ನೆನೆದರೆ ಅಂಗಡಿಯ ಕಡೆ ಹೊರಟ ಕಾಲು ಹಿಂದಕ್ಕೆ ಬರುತ್ತದೆ.